ಹಳೇ ಜೆಟ್ ಎಸೆಯಬೇಡಿ

ಮಳೆ ಹಿಂದಾಗಿ ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ಶಿವಮೊಗ್ಗದ ನನ್ನ ವರ್ಕ್‌ಶಾಪಿಗೆ ಹಳೇ ಬೈಕುಗಳು ಬರತೊಡಗುತ್ತವೆ. ನಾಲ್ಕು ತಿಂಗಳು ಕೊಟ್ಟಿಗೆಯಲ್ಲೋ ಜಗಲಿಯ ಮೂಲೆಯಲ್ಲೋ ನಿಂತಿದ್ದ ಗಾಡಿಗಳು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಜೀಪಿನಲ್ಲಿ ಹೇರಿಕೊಂಡು ಬರುವವರೂ ಇದ್ದಾರೆ. ಗಾಡಿ ಇಳಿಸುವ ಮೊದಲೇ ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಹೊರಗೆ ಬರುತ್ತದೆ. ಕಾರ್ಬುರೇಟರ್, ಅಂದರೆ ಪೆಟ್ರೋಲ್ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗದ ರಿಪೇರಿ ಕಿಟ್. "ಆನ್‌ಲೈನಲ್ಲಿ ತರಿಸಿದ್ದು ಅಣ್ಣ. ಇದರಲ್ಲಿರೋದೆಲ್ಲ ಹಾಕಿ, ಹಳೇದೆಲ್ಲ ಎಸೆದುಬಿಡಿ."

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಪೊಟ್ಟಣದಲ್ಲಿ ಎರಡು ಜಾತಿಯ ಸಾಮಾನು ಇರುತ್ತದೆ, ರಬ್ಬರ್ ಮತ್ತು ಹಿತ್ತಾಳೆ. ರಬ್ಬರಿಗೆ ವಯಸ್ಸಾಗುತ್ತದೆ. ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಅದನ್ನು ಬದಲಾಯಿಸಲೇಬೇಕು. ಹಿತ್ತಾಳೆಯದು ಜೆಟ್, ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು. ಅದು ಹಾಗಲ್ಲ. ಅದರೊಳಗೆ ಹಾಯುವುದು ಬರೀ ಪೆಟ್ರೋಲ್. ಪೆಟ್ರೋಲ್ ಹರಿದೇ ಜೆಟ್ಟಿನ ತೂತು ಸವೆದದ್ದನ್ನು ನಾನಂತೂ ನೋಡಿಲ್ಲ. ಹಳೇ ಪೆಟ್ರೋಲ್ ಅಂಟಾಗಿ ಕಟ್ಟಿಕೊಂಡಿರುತ್ತದೆ, ಅಷ್ಟೇ. ಕಟ್ಟಿಕೊಂಡದ್ದನ್ನು ಬಿಡಿಸಬಹುದು ಅಲ್ವಾ?

"ಹೊಸದು ಹಾಕಿದರೆ ತಪ್ಪೇನು?" ಅಂತ ಕೇಳುತ್ತಾರೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಎಷ್ಟು ಸಲ ಹೇಳಿದರೂ ಇದೊಂದು ಮನಸ್ಸಿಗೆ ಇಳಿಯುವುದಿಲ್ಲ.

ಕೀಹಿನ್ ಕಂಪನಿಯ ಕಾರ್ಬುರೇಟರಿನ ಜೆಟ್ ಮೇಲೆ 38 ಅಂತ ಇದ್ದರೆ ಅದರ ತೂತಿನ ಅಡ್ಡಳತೆ 0.38 ಮಿಲಿಮೀಟರ್. ಹೆಸರಿಲ್ಲದ ಕಿಟ್ಟಿನ ಜೆಟ್ ಮೇಲೂ 38 ಅಂತಲೇ ಇರುತ್ತದೆ. ಆದರೆ ತೂತು 0.40 ಆಗಿದ್ದರೆ? ವ್ಯತ್ಯಾಸ ಬರೀ 0.02 ಮಿಲಿಮೀಟರ್, ಒಂದು ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಪೆಟ್ರೋಲ್ ಹರಿಯುವುದು ತೂತಿನ ಅಗಲದ ಲೆಕ್ಕದಲ್ಲಲ್ಲ, ಅದರ ಬಾಯಿಯ ವಿಸ್ತಾರದ ಲೆಕ್ಕದಲ್ಲಿ. ಆ ವಿಸ್ತಾರ ಸುಮಾರು 11 ಪರ್ಸೆಂಟ್ ಜಾಸ್ತಿಯಾಯಿತು. ಅಷ್ಟಾದರೆ ಮೈಲೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಟ್ಯೂನಿಂಗ್ ಕೂರುವುದಿಲ್ಲ. ಇನ್ನೊಂದು ತೊಡಕೂ ಇದೆ. ಮಿಕುನಿ ಅನ್ನುವ ಇನ್ನೊಂದು ಕಂಪನಿಯ ಮೇನ್ ಜೆಟ್ಟಿನ (ಆಕ್ಸಿಲರೇಟರ್ ಜಾಸ್ತಿ ಕೊಟ್ಟಾಗ ಪೆಟ್ರೋಲ್ ಬಿಡುವ ಜೆಟ್) ನಂಬರು ತೂತಿನ ಅಳತೆಯಲ್ಲ, ಪೆಟ್ರೋಲ್ ಹರಿಯುವ ಪ್ರಮಾಣ. ಹಾಗಾಗಿ ಅದರ 100 ಬೇರೆ, ಕೀಹಿನ್ 100 ಬೇರೆ. ನಂಬರು ಒಂದೇ ಅಂತ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವ ಹಾಗಿಲ್ಲ.

ನಿಮ್ಮ ಗಾಡಿಯ ಜೊತೆ ಬಂದ ಜೆಟ್ಟನ್ನು ಆ ಎಂಜಿನ್ನಿಗೆ ಎಷ್ಟು ಬೇಕೆಂದು ಅಳೆದು ಮಾಡಿರುತ್ತಾರೆ. ಮೂವತ್ತು ವರ್ಷವಾದರೂ ಅದರ ಅಳತೆ ಹಾಗೇ ಇರುತ್ತದೆ.

ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡಿದ್ದಾರೆ. 1985ರಿಂದ 1996ರವರೆಗೆ ಬಂದ ಗಾಡಿ ಅದು. ಅವರಿಗೆ ಅದರ ಮೇಲೆ ಮಕ್ಕಳಷ್ಟೇ ಪ್ರೀತಿ. ಮಗ ರಜೆಗೆ ಬಂದವನು ಕಿಟ್ ತರಿಸಿ, ತಾನೇ ಕಾರ್ಬುರೇಟರ್ ಬಿಚ್ಚಿ ಎಲ್ಲಾ ಹೊಸದು ಹಾಕಿದ. ಊರೊಳಗೆ ಚೆನ್ನಾಗಿಯೇ ಓಡಿತು. ಒಂದು ದಿನ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಅರ್ಧದಾರಿಯಲ್ಲಿ ಎಂಜಿನ್ ಹಿಡಿದುಕೊಂಡು ನಿಂತಿತು. ಪಿಸ್ಟನ್ ಸೀಜ್. ಬಿಚ್ಚಿ ನೋಡಿದರೆ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಕಿಟ್ಟಿನ ಮೇನ್ ಜೆಟ್ಟನ್ನು ತೂತು ಅಳೆಯುವ ಪಿನ್ ಗೇಜ್ ಹಾಕಿ ನೋಡಿದೆ. ನನ್ನಲ್ಲಿದ್ದ ಅದೇ ನಂಬರಿನ ಅಸಲಿ ಜೆಟ್ಟಿಗಿಂತ ತೂತು ಚಿಕ್ಕದಿತ್ತು. ಫುಲ್ ಆಕ್ಸಿಲರೇಟರಿನಲ್ಲಿ ಪೆಟ್ರೋಲ್ ಸಾಲುತ್ತಿರಲಿಲ್ಲ. ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ವಿಪರೀತ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜೆಟ್ ಒಂದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ಗಾಳಿ ಎಳೆದುಕೊಂಡಿದ್ದರೂ ಹೀಗಾಗಬಹುದು. ಆದರೆ ಕಾರ್ಬುರೇಟರನ್ನು ಎಂಜಿನ್ನಿಗೆ ಸೇರಿಸುವ ಮ್ಯಾನಿಫೋಲ್ಡ್ ನೋಡಿದೆ, ಸೀಲ್ ನೋಡಿದೆ, ಎಲ್ಲೂ ಲೀಕ್ ಸಿಗಲಿಲ್ಲ.

"ಹಳೇ ಜೆಟ್ ಎಲ್ಲಿ ಗೌಡ್ರೆ?" ಅಂದೆ. "ಎಂತ ಮಾರಾಯ, ಹುಡುಗ ಎಲ್ಲಿ ಎಸೆದಿದಾನೋ" ಅಂದರು.

ಹಾಗಾದರೆ ಏನು ಬದಲಾಯಿಸಬೇಕು? ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಪ್ಯಾಕಿಂಗ್, ಓ ರಿಂಗ್ ಅನ್ನುವ ರಬ್ಬರ್ ಬಳೆಗಳು, ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ಪಿನ್. ಪಿನ್ನಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತ ಬಳೆಯಂತೆ ಗೆರೆ ಬಿದ್ದಿದ್ದರೆ ಅದು ಮುಗಿಯಿತು, ಓವರ್‌ಫ್ಲೋ ಆಗುವುದು ಹೆಚ್ಚಾಗಿ ಅದರಿಂದಲೇ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಬೇಕೇ! ಕಳಪೆ ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ. ವಿಟಾನ್ ರಬ್ಬರಿನದು ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಅನುಮಾನವಿದ್ದರೆ ಹೊಸ ಓ ರಿಂಗನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ ಒಂದು ರಾತ್ರಿ ಇಡಿ. ಒಲೆಯಿಂದ, ಮಕ್ಕಳಿಂದ ದೂರ ಇಡಿ. ಬೆಳಿಗ್ಗೆ ಊದಿಕೊಂಡು ತನ್ನ ಜಾಗದಲ್ಲಿ ಕೂರದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಹಿತ್ತಾಳೆಯಲ್ಲೂ ಒಂದು ಭಾಗ ಸವೆಯುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಏಳುವ ಸ್ಲೈಡಿನ ಸೂಜಿ ಮೇಲೆ ಕೆಳಗೆ ಆಡುವ ನೀಡಲ್ ಜೆಟ್. ಉಜ್ಜಿ ಉಜ್ಜಿ ಅದರ ತೂತು ಮೊಟ್ಟೆಯಾಕಾರ ಆಗುತ್ತದೆ. ಹಾಗಾಗಿದ್ದರೆ ಸೂಜಿ, ಜೆಟ್ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಹಸಿರು ಕಿಲುಬು ಹಿಡಿದು ಗುಳಿ ಬಿದ್ದ ಜೆಟ್ಟೂ ಬೇಡ. ಹೊಲಿಗೆ ಸೂಜಿ ಹಾಕಿ ಚುಚ್ಚಿದ್ದಂತೂ ಬೇಡವೇ ಬೇಡ. ಉಕ್ಕಿನ ಮುಂದೆ ಹಿತ್ತಾಳೆ ಮೆತ್ತಗೆ, ಒಂದು ಸಲ ತೂತು ದೊಡ್ಡದಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ, ಏರ್ ಹೊಡೆಯಿರಿ. ಆಗಲೂ ಬಿಡದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ಸಾಕು.

ಅಸಲಿ ಸಿಗುವುದು ಕಷ್ಟ ಅನ್ನುವುದು ನಿಜ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್ 6 ಬಂದ ಮೇಲೆ ಹೊಸ ಬೈಕುಗಳು ಹೆಚ್ಚುಕಮ್ಮಿ ಎಲ್ಲ ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೋದವು. ಅದಕ್ಕೇ ಇರುವುದನ್ನು ಉಳಿಸಿಕೊಳ್ಳಿ ಅಂತ ಇಷ್ಟು ಹೇಳುತ್ತಿರುವುದು. ತೀರಾ ಬೇಕೇ ಬೇಕಾದರೆ ಕಿಟ್ ಬೇಡ. ಕಾರ್ಬುರೇಟರ್ ಮಾಡಿದ ಕಂಪನಿಯದೇ ಜೆಟ್ಟನ್ನು ನಂಬರು ಹೇಳಿ ಬಿಡಿಯಾಗಿ ಕೊಳ್ಳಿ.

ಗೌಡರು ಎರಡು ದಿನ ಬಿಟ್ಟು ಮತ್ತೆ ಬಂದರು. ಕೈಯಲ್ಲಿ ಬೆಂಕಿಪೊಟ್ಟಣ. ಮಗ ಎಸೆದದ್ದು ಕೊಟ್ಟಿಗೆ ಹಿಂದಿನ ಬೂದಿಗುಂಡಿಗಂತೆ. ಮನೆಯವರು ಜರಡಿ ಹಿಡಿದು ಹುಡುಕಿ ಕೊಟ್ಟಿದ್ದರು. ಮೇನ್ ಜೆಟ್, ಎಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಎರಡೂ ಸಿಕ್ಕಿದ್ದವು. ಜೆಟ್ಟುಗಳನ್ನು ಒಂದು ರಾತ್ರಿ ನೆನೆಸಿಟ್ಟೆ. ಎಂಜಿನ್ನಿನ ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಜೊತೆ ಆ ಹಳೇ ಜೆಟ್ಟುಗಳನ್ನೇ ಹಾಕಿದೆ. ಈ ಸಲ ಗಾಡಿ ಬಂದಾಗ ಪ್ಲಗ್ ಬಿಚ್ಚಿ ನೋಡಿದೆ. ಒಳ್ಳೇ ಕಾಫಿ ಪುಡಿ ಬಣ್ಣಕ್ಕಿತ್ತು.