ಬ್ಯಾಟರಿ ಬಾಗಿಲಿನ ಹಲ್ಲು ಮುರಿದಾಗ

ನನ್ನಲ್ಲಿಗೆ ರಿಪೇರಿಗೆ ಬರುವ ಕ್ಯಾನನ್ ಎಇ-1 ಫಿಲ್ಮ್ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಒಂದು ಸಮಾನ ಗುರುತು ಇರುತ್ತದೆ: ಲೆನ್ಸಿನ ಪಕ್ಕದಲ್ಲಿ ಒಂದು ತುಂಡು ಕಪ್ಪು ಟೇಪು. ಟೇಪು ಕಿತ್ತರೆ ಒಳಗೆ ಬ್ಯಾಟರಿ ಬಾಗಿಲು. ಬಾಗಿಲನ್ನು ಹಿಡಿದಿಡಬೇಕಾದ ಪುಟ್ಟ ಪ್ಲಾಸ್ಟಿಕ್ ಹಲ್ಲು ಮಾತ್ರ ಇರುವುದಿಲ್ಲ. 1976ರಲ್ಲಿ ಬಂದ ಈ ಮಾಡೆಲ್ಲಿಗೆ 6 ವೋಲ್ಟಿನ ಬ್ಯಾಟರಿ ಬೇಕೇ ಬೇಕು. ಅದಿಲ್ಲದಿದ್ದರೆ ಬೆಳಕು ಅಳೆಯುವ ಮೀಟರಷ್ಟೇ ಅಲ್ಲ, ಶಟರೂ ಬೀಳುವುದಿಲ್ಲ. ಪೆಂಟಾಕ್ಸ್ ಕೆ1000 ಇಟ್ಟುಕೊಂಡವರಿಗೆ ಈ ಚಿಂತೆಯಿಲ್ಲ, ಅದರಲ್ಲಿ ಬ್ಯಾಟರಿ ಬೆಳಕು ಅಳೆಯಲಿಕ್ಕೆ ಮಾತ್ರ. ಹೀಗಾಗಿ ಅಪ್ಪನ ಕಾಲದ ಎಇ-1 ಒಂದು ಹಲ್ಲಿನ ದೆಸೆಯಿಂದ ವರ್ಷಗಟ್ಟಲೆ ಕಪಾಟಿನಲ್ಲೇ ಕೂತುಬಿಡುತ್ತದೆ.

ಇದು ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದ ಕೆಲಸ. ಆದರೆ ಅಂಟು ಕೈಗೆತ್ತಿಕೊಳ್ಳುವ ಮುಂಚೆ ಹಲ್ಲು ಯಾಕೆ ಮುರಿಯಿತು ಎಂದು ನೋಡಿ.

ನಲವತ್ತು ವರ್ಷ ದಾಟಿದ ಪ್ಲಾಸ್ಟಿಕ್ ಪೆಡಸಾಗುವುದು ಸಹಜ, ತಯಾರಕರನ್ನು ಬೈದು ಪ್ರಯೋಜನವಿಲ್ಲ. ನಾನು ಹೆಚ್ಚಾಗಿ ಕಾಣುವ ಕಾರಣ ಬೇರೆ. ಇದಕ್ಕೆ ಹಾಕಬೇಕಾದದ್ದು 4ಎಲ್‌ಆರ್44 ಎಂಬ ಒಂದೇ ತುಂಡಿನ ಬ್ಯಾಟರಿ, ಉದ್ದ ಸುಮಾರು 25 ಮಿ.ಮೀ. ಅದು ಸಿಗದಿದ್ದಾಗ ಜನ ವಾಚಿನ ಅಂಗಡಿಯಲ್ಲಿ ನಾಲ್ಕು ಬಿಡಿ ಎಲ್‌ಆರ್44 ಸೆಲ್ ಕೊಂಡು ಒಂದರ ಮೇಲೊಂದು ಜೋಡಿಸುತ್ತಾರೆ. ವೋಲ್ಟೇಜಿನ ಲೆಕ್ಕ ಸರಿಹೋಗುತ್ತದೆ, ಅಳತೆಯ ಲೆಕ್ಕ ತಪ್ಪುತ್ತದೆ. ಒಂದು ಸೆಲ್ಲಿನ ದಪ್ಪ 5.4 ಮಿ.ಮೀ., ನಾಲ್ಕು ಸೇರಿದರೆ 21.6. ಉಳಿದ ಮೂರೂವರೆ ಮಿ.ಮೀ. ಸಂದಿಗೆ ಬೀಡಿ ಕಟ್ಟಿನ ಕಾಗದ, ಚಾಕಲೇಟಿನ ಬೇಗಡೆ, ಕೈಗೆ ಸಿಕ್ಕಿದ್ದನ್ನು ತುರುಕುತ್ತಾರೆ. ಬ್ಯಾಟರಿ ಒಳಗೆ ನೆಟ್ಟಗೆ ನಿಲ್ಲುವಂಥದ್ದು. ಬಿಡಿ ಸೆಲ್ಲುಗಳ ಸಾಲು ನಡುವೆ ಬಾಗಿ ಬಾಗಿಲನ್ನು ಹೊರಕ್ಕೆ ಒತ್ತುತ್ತದೆ. ಇದರ ಮೇಲೆ ನಾಣ್ಯದಿಂದಲೋ ಚಾಕುವಿನಿಂದಲೋ ಮೀಟಿದರೆ ಹಲ್ಲು ಉಳಿಯುವುದೆಂತು? ಈ ಒತ್ತಡ ತಪ್ಪಿಸದೆ ಹೊಸ ಹಲ್ಲು ಕಟ್ಟಿದರೆ ಅದೂ ಅಷ್ಟೇ ದಿನ.

ಬೆಳಗಾವಿಯವರಿಗೆ ಇನ್ನೊಂದು ಚಟ. ಊರ ತುಂಬ ಲೇತು, ಫೌಂಡ್ರಿ, ಉದ್ಯಮಬಾಗ ಎಂಬ ಕೈಗಾರಿಕೆಯ ಬಡಾವಣೆಯೇ ಇದೆ. ಏನು ಮುರಿದರೂ ಲೋಹದಲ್ಲಿ ಮಾಡಿಸಿದರಾಯಿತು ಎನ್ನುತ್ತಾರೆ. ಗೋಕಾಕ ಕಡೆಯ ಹುಡುಗನೊಬ್ಬ ಬಂದು ಹೇಳಿದ: “ಕಾಕಾ, ಉದ್ಯಮಬಾಗದಾಗ ಹಿತ್ತಾಳಿದು ಒಂದ ಮಾಡಿಸಿಬಿಡ್ರಿ. ಮತ್ತ ಮುರೀಬಾರದು ನೋಡ್ರಿ.”

“ತಮ್ಮಾ, ಬಾಗಲಾ ಮುರಿದ್ರ ಇನ್ನೊಂದು ಬಾಗಲಾ ಹಾಕಬಹುದು. ಚೌಕಟ್ಟ ಮುರಿದ್ರ ಏನ್ ಮಾಡ್ತಿ?”

ಹಿತ್ತಾಳೆಯ ಹಲ್ಲು ತಾನು ಮುರಿಯುವುದಿಲ್ಲ, ಎದುರಿಗಿರುವ ಬಾಡಿಯ ಅಂಚನ್ನು ತಿನ್ನುತ್ತದೆ. ಇನ್ನೂ ದೊಡ್ಡ ಅಪಾಯ ಶಾರ್ಟಿನದು. ಬಿಡಿ ಸೆಲ್ಲಿನ ಹೊರ ಡಬ್ಬಿಯೇ ಪ್ಲಸ್. ನಾಲ್ಕು ಡಬ್ಬಿಗಳಿಗೂ ಲೋಹದ ಬಾಗಿಲು ತಾಗಿದರೆ ಸೆಲ್ಲುಗಳು ತಮ್ಮತಮ್ಮಲ್ಲೇ ಶಾರ್ಟ್ ಆಗಿ ಬಿಸಿಯಾಗುತ್ತವೆ, ಸೋರುತ್ತವೆ. ಬೇಗಡೆ ಬದಿಗೆ ಸರಿದರೂ ಇದೇ ಗತಿ. ಮುರಿಯುವುದಾದರೆ ಬಾಗಿಲೇ ಮುರಿಯಲಿ, ಬಾಡಿ ಉಳಿಯಲಿ. ನನ್ನ ರಿಪೇರಿಯೆಲ್ಲ ಈ ಲೆಕ್ಕದ ಮೇಲೆಯೇ.

ಬಾಗಿಲನ್ನು ಕ್ಯಾಮೆರಾದಿಂದ ಬಿಡಿಸಿಕೊಂಡೇ ಕೆಲಸ ಮಾಡಿ. ಬಿಡಿಸುವಾಗ ಕೈ, ಕ್ಯಾಮೆರಾ ಎರಡನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳಿ. ಹಿಂಜಿನ ಸಣ್ಣ ಸ್ಪ್ರಿಂಗ್ ಜಿಗಿದರೆ ಚೀಲದಲ್ಲೇ ಬೀಳುತ್ತದೆ, ಮಂಚದ ಕೆಳಗೆ ಹುಡುಕುವುದು ತಪ್ಪುತ್ತದೆ. ಫೆವಿಕ್ವಿಕ್‌ನಂಥ ಅಂಟನ್ನು ಕ್ಯಾಮೆರಾದ ಹತ್ತಿರಕ್ಕೂ ತರಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಎಂ-ಸೀಲ್ ನೀರಿನ ಪೈಪಿಗೆ ಸರಿ, ಇಷ್ಟು ಸಣ್ಣ ಹಲ್ಲಿಗೆ ಒರಟು.

ನಾನು ಬಳಸುವುದು ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಅಂಟು. ಮುರಿದ ಜಾಗವನ್ನು ನುಣುಪು ಪಾಲಿಶ್ ಪೇಪರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಜಿಡ್ಡು ತೆಗೆಯಬೇಕು. ಆಮೇಲೆ ಅರ್ಧ ಮಿ.ಮೀ. ತೂತು. ಪತ್ತಾರರು ಬೆರಳಲ್ಲಿ ತಿರುಗಿಸುವ ಕೈಡ್ರಿಲ್ ಇದಕ್ಕೆ ಹೇಳಿ ಮಾಡಿಸಿದಂತಿದೆ, ಕರೆಂಟಿನ ಡ್ರಿಲ್ ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ. ತೂತಿಗೆ ಸ್ಟೇಪ್ಲರ್ ಪಿನ್ನಿನ ತುಂಡೊಂದನ್ನು ಕೂರಿಸಿ. ಮಾಮೂಲಿ ಪಿನ್ನಿನ ತಂತಿ ಹೆಚ್ಚುಕಡಿಮೆ ಅಷ್ಟೇ ದಪ್ಪ. ಪಿನ್ನು ಹಲ್ಲಿನ ಒಳಗೆ ಆಧಾರವಾಗಿ ಇರಬೇಕೇ ಹೊರತು ತುದಿ ಹೊರಗೆ ಇಣುಕಬಾರದು. ಅದರ ಸುತ್ತ ಅರಾಲ್ಡೈಟನ್ನು ಬೇಕಾದ್ದಕ್ಕಿಂತ ತುಸು ದಪ್ಪಗೆ ಕಟ್ಟಿ ರಾತ್ರಿಯಿಡೀ ಮುಟ್ಟದೆ ಬಿಡಿ. ಮರುದಿನ ಸೂಜಿಗಾತ್ರದ ಕಾನಸಿನಲ್ಲಿ (ಅರದಲ್ಲಿ) ಎರಡು ಸಲ ಉಜ್ಜುವುದು, ಬಾಗಿಲು ಹಾಕಿ ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. ಟಕ್ ಎಂದು ಕೂತು, ಉಗುರಿಗೆ ಸಲೀಸಾಗಿ ಬಿಡಬೇಕು. ಗಟ್ಟಿ ಕೂತಿತೆಂದು ಖುಷಿಪಡಬೇಡಿ, ಮುಂದಿನ ಸಲ ತೆರೆಯುವಾಗ ಮತ್ತೆ ಚಾಕು ಬೇಕಾಗುತ್ತದೆ.

ಬಾಗಿಲೇ ಕಳೆದಿದ್ದರೆ ತ್ರೀಡಿ ಪ್ರಿಂಟ್ ಒಳ್ಳೆಯ ದಾರಿ. ಎಂಜಿನಿಯರಿಂಗ್ ಓದುವ ಹುಡುಗರಿರುವ ಊರಿದು, ಮಾಡಿಕೊಡುವವರು ಸಿಗುತ್ತಾರೆ. ಅವರಿಗೆ ಎರಡು ಮಾತು ಹೇಳಿ. ಹಿಂಜಿನ ಕಡ್ಡಿಯ ಉದ್ದಕ್ಕೂ ಪದರ ಹರಿಯುವಂತೆ ಮಲಗಿಸಿ ಪ್ರಿಂಟ್ ಮಾಡಲಿ, ಅಡ್ಡ ಪದರವಾದರೆ ಕಡ್ಡಿ ಕಟಕ್ಕನೆ ಹೋಗುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಪಿಇಟಿಜಿ ಪ್ಲಾಸ್ಟಿಕ್ ಇರಲಿ. ಪಿಎಲ್‌ಎ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಅದೇನು ದೂರದ ಮಾತಲ್ಲ.

ಬಾಗಿಲು ಸರಿಹೋದರೂ ಕ್ಯಾಮೆರಾ ಎಚ್ಚರಾಗದಿದ್ದರೆ ಬ್ಯಾಟರಿ ಗೂಡಿನ ಕಾಂಟ್ಯಾಕ್ಟ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಹಳೆಯ ಸೆಲ್ ಸೋರಿದೆ ಎಂದರ್ಥ. ಅಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಆದ್ದರಿಂದ ಇಯರ್‌ಬಡ್ಡಿನ ತುದಿಗೆ ಒಂದೇ ಹನಿ ವಿನೆಗರ್ ಅಥವಾ ಲಿಂಬೆರಸ ಸಾಕು. ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಖಾನಾಪುರ ಕಡೆಯಿಂದ ಬರುವ ಕ್ಯಾಮೆರಾಗಳಲ್ಲಿ ಇದರ ಜೊತೆಗೆ ಲೆನ್ಸಿನ ಬೂಷ್ಟೂ ಇರುತ್ತದೆ, ಅದು ಬೇರೆಯದೇ ಕಥೆ. ಜೂನ್ ಹೊತ್ತಿಗೆ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಪುಡಿಕೆಯ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಚರ್ಮದ ಕೇಸಿನಲ್ಲಂತೂ ಬೇಡ.

ಹೊಸ ಬ್ಯಾಟರಿ ಹಾಕಿ, ಬ್ಯಾಟರಿ ಚೆಕ್ ಗುಂಡಿ ಒತ್ತಿ. ವ್ಯೂಫೈಂಡರಿನ ಸೂಜಿ ಗುರುತಿಗೆ ಸರಿಯಾಗಿಯೋ ಅದಕ್ಕಿಂತ ಕೆಳಗೋ ನಿಂತರೆ ಕರೆಂಟು ಸಾಕಷ್ಟಿದೆ. ಅಷ್ಟಾದರೂ ಶಟರ್ ಬೀಳದಿದ್ದರೆ ಕೈ ಅಲ್ಲಿಗೇ ನಿಲ್ಲಿಸಿ. ಮೇಲಿನ ಮುಚ್ಚಳದ ಕೆಳಗೆ ಮಡಚಿದ ತೆಳು ಸರ್ಕಿಟ್ ಹರಡಿಕೊಂಡಿದೆ, ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಅದಕ್ಕೆ ಬಿಡಿಭಾಗ ಸಿಗುವುದು ಇನ್ನೊಂದು ಸತ್ತ ಕ್ಯಾಮೆರಾದಿಂದ ಮಾತ್ರ. ಮುರಿದ ಹಲ್ಲಿನ ಚೂರು ಸಿಕ್ಕಿದ್ದರೆ ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬನ್ನಿ, ಅಳತೆಗೆ ಬೇಕಾಗುತ್ತದೆ. ಬಿಚ್ಚಿ ತಂದ ಕ್ಯಾಮೆರಾಕ್ಕೆ ನಾನು ಕೂಲಿ ಹೆಚ್ಚು ಕೇಳುತ್ತೇನೆ, ಮುನಿಸಿಕೊಳ್ಳಬಾರದು.