ಜೀನ್ ಒಂದೇ ಆದರೆ ಹಾರ್ಮೋನ್ ಬೇರೆ ಯಾಕೆ?

"ಸರ್, ಪಿಟ್ಯುಟರಿಯಲ್ಲೂ ಹೈಪೋಥಲಾಮಸ್‌ನಲ್ಲೂ ಅದೇ ಪಿಒಎಂಸಿ ಜೀನ್. ಮತ್ತೆ ಹಾರ್ಮೋನ್ ಬೇರೆ ಬೇರೆ ಯಾಕೆ?"

ಶಿರಸಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಪಾಠ ಹೇಳುವ ನನಗೆ ಪ್ರತಿ ವರ್ಷ ಬರುವ ಪ್ರಶ್ನೆ ಇದು. ಪಿಟ್ಯುಟರಿ ಅಂದರೆ ಮೆದುಳಿನ ಬುಡದ ಗ್ರಂಥಿ, ಹೈಪೋಥಲಾಮಸ್ ಅದರ ಮೇಲಿರುವ ಮೆದುಳಿನ ಭಾಗ. ಉತ್ತರ ಚಿಕ್ಕದು. ಪಿಒಎಂಸಿ (ಪ್ರೋ-ಓಪಿಯೋಮೆಲನೊಕಾರ್ಟಿನ್) ಜೀನ್‌ನಿಂದ ತಯಾರಾಗುವ ಉದ್ದ ಪ್ರೋಟೀನ್ ಒಂದೇ, ಅದನ್ನು ಕತ್ತರಿಸುವ ಕಿಣ್ವಗಳು ಬೇರೆ.

ಆದರೂ "ಒಂದು ಜೀನ್‌ಗೆ ಒಂದೇ ಹಾರ್ಮೋನ್" ಎಂಬ ನಂಬಿಕೆ ಬಿಟ್ಟು ಹೋಗುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಉತ್ತರಪತ್ರಿಕೆಯಲ್ಲಿ ಮತ್ತೆ ಅದೇ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಆಲೆಮನೆಗೆ ಹೋಗಿದ್ದೀರಿ ಅಲ್ವಾ? ಕೊಪ್ಪರಿಗೆಯಲ್ಲಿರುವ ಕಬ್ಬಿನ ಹಾಲು ಒಂದೇ. ಬೇಗ ಇಳಿಸಿದರೆ ಜೋನಿಬೆಲ್ಲ, ಇನ್ನಷ್ಟು ಕಾಯಿಸಿದರೆ ಗಟ್ಟಿ ಬೆಲ್ಲ. ಇದಕ್ಕೊಂದು ಕಬ್ಬು, ಅದಕ್ಕೊಂದು ಕಬ್ಬು ಅಂತ ಯಾರೂ ನೆಡುವುದಿಲ್ಲ. ಇಲ್ಲಿ ಕಾಯಿಸುವ ಬದಲು ಕತ್ತರಿಸುವುದು, ಅಷ್ಟೇ.

ಪಿಟ್ಯುಟರಿಯ ಮುಂಭಾಗ ಬೇಗ ಇಳಿಸುತ್ತದೆ. ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಪಿಸಿ1 ಎಂಬ ಕಿಣ್ವ. ಅದು 39 ಅಮೈನೋ ಆಮ್ಲಗಳ ಎಸಿಟಿಎಚ್ ಎಂಬ ಹಾರ್ಮೋನ್ ಬಿಡಿಸಿ ಕೊಡುತ್ತದೆ. ಹೈಪೋಥಲಾಮಸ್‌ನ ಆರ್ಕ್ಯುಯೇಟ್ ಎಂಬ ಭಾಗದ ನರಕೋಶಗಳಲ್ಲಿ ಪಿಸಿ2 ಎಂಬ ಇನ್ನೊಂದು ಕಿಣ್ವ ಕೂಡ ಇದೆ. ಅದು ಎಸಿಟಿಎಚ್‌ನ್ನೇ ಮತ್ತೆ ತುಂಡು ಮಾಡುತ್ತದೆ. ಎಸಿಟಿಎಚ್‌ನ ಸಾಲು ಬರೆದು ಎಣಿಸಿ. 15ರಿಂದ 18ರವರೆಗಿನ ಅಮೈನೋ ಆಮ್ಲಗಳು ಲೈಸಿನ್, ಲೈಸಿನ್, ಅರ್ಜಿನಿನ್, ಅರ್ಜಿನಿನ್. ಕತ್ತರಿ ಬೀಳುವ ಜಾಗ ಅದು. ತುದಿಯ ಚೂರುಗಳನ್ನು ಬೇರೆ ಕಿಣ್ವಗಳು ಸವರಿದ ಮೇಲೆ ಉಳಿಯುವ ಮೊದಲ 13 ಸೇರಿದರೆ ಆಲ್ಫಾ-ಎಂಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನ್. ಎಸಿಟಿಎಚ್ ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ಮಾಡು ಅನ್ನುತ್ತದೆ. ಮೆದುಳಿನ ಆಲ್ಫಾ-ಎಂಎಸ್‌ಎಚ್ ಊಟ ಸಾಕು ಅನ್ನುತ್ತದೆ. ಅದೇ ಪ್ರೋಟೀನಿನ ಬಾಲದಿಂದ ನೋವು ತಗ್ಗಿಸುವ ಬೀಟಾ-ಎಂಡಾರ್ಫಿನ್ ಬರುತ್ತದೆ, 31 ಅಮೈನೋ ಆಮ್ಲ. ಜೀನ್ ಬದಲಾಗಲೇ ಇಲ್ಲ ನೋಡಿ. 1979ರಲ್ಲೇ ಜಪಾನಿನ ನಕಾನಿಷಿ ಮತ್ತು ನುಮಾ ಅವರ ತಂಡ ದನದ ಪಿಟ್ಯುಟರಿಯಿಂದ ಈ ಸಾಲನ್ನು ಓದಿ, ಎಲ್ಲವೂ ಒಂದೇ ಪ್ರೋಟೀನಿನಲ್ಲಿ ಕೂತಿರುವುದನ್ನು ತೋರಿಸಿತ್ತು.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಅಡಿಸನ್ ಕಾಯಿಲೆಯವರ ಅಂಗೈ ಗೆರೆ, ವಸಡು ಕಪ್ಪಾಗುವುದು ಯಾಕೆ? ಅಡ್ರಿನಲ್ ಸೋತು ಕಾರ್ಟಿಸಾಲ್ ಇಳಿದಾಗ ಪಿಟ್ಯುಟರಿ ಎಸಿಟಿಎಚ್ ಸುರಿಯುತ್ತದೆ. ಅದರ ಮೊದಲ 13 ಆಲ್ಫಾ-ಎಂಎಸ್‌ಎಚ್‌ನ ಸಾಲೇ ತಾನೇ? ಚರ್ಮದ ಬಣ್ಣದ ಕೋಶಗಳು ಓಗೊಡುವುದು ಆ ಸಾಲಿಗೇ. ಅಷ್ಟು ಜಾಸ್ತಿಯಾದಾಗ ಚರ್ಮದ ಬಣ್ಣದ ಕೋಶಗಳು ಅದಕ್ಕೂ ಓಗೊಟ್ಟು ಮೆಲನಿನ್ ಮಾಡುತ್ತವೆ.