ಯಾರಿಗಿಂತ ಎಷ್ಟು ಜಾಸ್ತಿ? ಆರ್‌ಸಿಬಿ ದಿಗ್ಗಜರ ಲೆಕ್ಕಾಚಾರ

2011ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಐಪಿಎಲ್ ಹರಾಜು ನಡೆಯಿತು. ಕ್ರಿಸ್ ಗೇಲ್ ಹೆಸರು ಕೂಗಿದರು. ಯಾವ ತಂಡವೂ ಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ಆರ್‌ಸಿಬಿಯ ವೇಗದ ಬೌಲರ್ ಡರ್ಕ್ ನ್ಯಾನಿಸ್ ಗಾಯಗೊಂಡರು. ಅವರ ಜಾಗ ತುಂಬಲು ಗೇಲ್‌ಗೆ ಕರೆ ಹೋಯಿತು. ಕೋಲ್ಕತಾದಲ್ಲಿ ಮೊದಲ ಪಂದ್ಯ, ಅಜೇಯ 102. ಟೂರ್ನಿ ಮುಗಿಯುವಾಗ 12 ಪಂದ್ಯಗಳಲ್ಲಿ 608 ರನ್. ಆ ವರ್ಷ ಅಷ್ಟು ರನ್ ಹೊಡೆದವರು ಇನ್ನೊಬ್ಬರಿರಲಿಲ್ಲ.

ಹೀಗೆ ಬಂದವರನ್ನು ಬದಲಿ ಆಟಗಾರ ಅಂತಾರೆ. ಆಟಗಾರರ ರ‍್ಯಾಂಕಿಂಗ್ ಮಾಡುವ ಲೆಕ್ಕದಲ್ಲಿ ಈ ಪದಕ್ಕೆ ಪೂರ್ತಿ ಬೇರೆ ಅರ್ಥ ಇದೆ. ಅಲ್ಲಿ ಬದಲಿ ಆಟಗಾರ ಅಂದರೆ ಯಾವಾಗ ಬೇಕಾದರೂ ಸಿಗುವವನು, ಹೆಚ್ಚು ಖರ್ಚಿಲ್ಲದೆ ಬರುವವನು, ಹೇಗೋ ನಿಭಾಯಿಸಿಕೊಂಡು ಹೋಗುವವನು. ಗೇಲ್ ಯಾವ ಕೋನದಿಂದ ನೋಡಿದರೂ ಅಂಥ ಬದಲಿ ಅಲ್ಲ ಬಿಡಿ.

ನಮ್ಮ ಬೀದಿಯ ಬೇಕರಿ ಮುಂದೆ ಆರ್‌ಸಿಬಿಯ ಸಾರ್ವಕಾಲಿಕ ಶ್ರೇಷ್ಠ ಯಾರು ಅನ್ನೋ ಜಗಳ ಹದಿನೈದು ವರ್ಷದಿಂದ ನಡೆಯುತ್ತಲೇ ಇದೆ. ಒಬ್ಬ ಒಟ್ಟು ರನ್ ಹೇಳುತ್ತಾನೆ. ಇನ್ನೊಬ್ಬ ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಕ್ಕೆ ಎಷ್ಟು ರನ್ ಅನ್ನೋದನ್ನು, ಹೇಳುತ್ತಾನೆ. ಮೂರನೆಯವನು "ನೀವೆಲ್ಲ ಬೌಲರ್‌ಗಳನ್ನೇ ಮರೀತೀರಲ್ಲಪ್ಪ" ಅನ್ನುತ್ತಾನೆ. ಮೂವರೂ ಬಿಡುವ ಪ್ರಶ್ನೆ ಒಂದೇ: ಜಾಸ್ತಿ ಅಂದರೆ ಯಾರಿಗಿಂತ ಜಾಸ್ತಿ?

ಈ ಪ್ರಶ್ನೆಗೆ ಮೊದಲು ತಲೆಕೆಡಿಸಿಕೊಂಡವರು ಅಮೆರಿಕದ ಬೇಸ್‌ಬಾಲ್ ಮಂದಿ. 1970ರ ದಶಕದಲ್ಲಿ ಬಿಲ್ ಜೇಮ್ಸ್ ಅನ್ನುವವರು ಕ್ಯಾನ್ಸಸ್‌ನಲ್ಲಿ ಬೀನ್ಸ್ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರರಾಗಿದ್ದರು. ಆ ಕೆಲಸದ ನಡುವೆಯೇ ಆಟದ ಅಂಕಿ-ಅಂಶ ಇಟ್ಟುಕೊಂಡು ಬರೆಯತೊಡಗಿದರು. ಅವರ ದಾರಿಯಲ್ಲಿ ನಡೆದವರು ಮುಂದೆ 'ವಾರ್' (ವಿನ್ಸ್ ಅಬವ್ ರಿಪ್ಲೇಸ್‌ಮೆಂಟ್) ಅನ್ನುವ ಅಳತೆ ಕಟ್ಟಿದರು. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಬ್ಬ ಆಟಗಾರನನ್ನು ತೆಗೆದು ಆ ಜಾಗಕ್ಕೆ ಸುಮ್ನೆ ಸಿಗುವ ಬದಲಿಯನ್ನು ಹಾಕಿದರೆ ತಂಡ ಎಷ್ಟು ಗೆಲುವು ಕಳೆದುಕೊಳ್ಳುತ್ತದೆ ಅನ್ನೋದೇ ಆ ಅಳತೆ.

ಸರಾಸರಿ ಆಟಗಾರನ ಜೊತೆ ಯಾಕೆ ಹೋಲಿಸಬಾರದು? ಮದುವೆ ಮನೆ ನೆನಪು ಮಾಡಿಕೊಳ್ಳಿ. ಅಡುಗೆ ಭಟ್ಟರು ಹಿಂದಿನ ರಾತ್ರಿ ಕೈಕೊಟ್ಟರೆ, ಊರಿನ ಸರಾಸರಿ ಭಟ್ಟರು ನಿಮಗೆ ಸಿಗುವುದಿಲ್ಲ. ಅವರೂ ಆ ದಿನ ಬೇರೆ ಮದುವೆಯಲ್ಲಿ ಇರುತ್ತಾರೆ. ನಿಮಗೆ ಸಿಗೋದು ಬೆಳಗ್ಗೆ ಆರಕ್ಕೆ ಖಾಲಿ ಇರುವವರು. ನಿಮ್ಮ ಭಟ್ಟರ ನಿಜವಾದ ಬೆಲೆ ಆ ಖಾಲಿ ಇರುವವರಿಗಿಂತ ಅವರು ಎಷ್ಟು ಮೇಲು ಅನ್ನೋದರಲ್ಲಿದೆ.

ಈಗ ಚಿನ್ನಸ್ವಾಮಿಗೆ ಬರೋಣ. 2013ರ ಏಪ್ರಿಲ್ 23, ಎದುರಾಳಿ ಪುಣೆ ವಾರಿಯರ್ಸ್. ಗೇಲ್ 66 ಎಸೆತಗಳಲ್ಲಿ ಅಜೇಯ 175. ಆರ್‌ಸಿಬಿ ಒಟ್ಟು 263. ಗೇಲ್ ಪಾಲನ್ನು ಕಳೆಯಿರಿ. ಉಳಿದ 54 ಎಸೆತಗಳಲ್ಲಿ ಬಂದಿದ್ದು, ಇತರೆ ರನ್ ಸೇರಿಸಿ, 88. ಅಂದರೆ ಎಸೆತಕ್ಕೆ ಸುಮಾರು 1.63. ಅದೇ ವೇಗದಲ್ಲಿ ಇನ್ಯಾರೋ ಆ 66 ಎಸೆತ ಆಡಿದ್ದರೆ ಸುಮಾರು 108 ರನ್ ಆಗುತ್ತಿತ್ತು. ಗೇಲ್ ತಂದ ಹೆಚ್ಚುವರಿ 67. ತಡೆಯಿರಿ, ಆ 'ಉಳಿದವರ' ಪೈಕಿ ಡಿವಿಲಿಯರ್ಸ್ ಬೇರೆ ಇದ್ದರು, 8 ಎಸೆತಗಳಲ್ಲಿ 31. ಅವರನ್ನು ಸುಮ್ನೆ ಸಿಗುವ ಬದಲಿ ಅನ್ನೋಕಾಗುತ್ತಾ? ಹಾಗಾದರೆ ಅದೇ ಪಿಚ್‌ನಲ್ಲಿ, ಅದೇ ರಾತ್ರಿ ಆಡಿದ ಪುಣೆಯನ್ನು ತೆಗೆದುಕೊಳ್ಳಿ. 20 ಓವರ್‌ಗಳಲ್ಲಿ 133. ಆ ವೇಗದಲ್ಲಿ 66 ಎಸೆತಕ್ಕೆ ಬರೋದು 73. ಈಗ ಗೇಲ್ ಹೆಚ್ಚುವರಿ 102. ಇನ್ನಿಂಗ್ಸ್ ಒಂದೇ. ಹೋಲಿಕೆಗೆ ಎಳೆಯುವ ಗೆರೆ ಎಲ್ಲಿದೆ ಅನ್ನೋದರ ಮೇಲೆ 67 ಅಥವಾ 102.

ಈ ಗೆರೆಯ ಆಟ ಪೂರ್ತಿ ಗೊತ್ತಾಗುವುದು ಕೊಹ್ಲಿ ಮತ್ತು ಡಿವಿಲಿಯರ್ಸ್ ಅವರನ್ನು ಪಕ್ಕಪಕ್ಕ ನಿಲ್ಲಿಸಿದಾಗ. ನನ್ನಂಥ ಕೊಹ್ಲಿ ಅಭಿಮಾನಿಗೆ ಸ್ವಲ್ಪ ಹೊಟ್ಟೆಯುರಿ ತರುವ ಲೆಕ್ಕ ಇದು. 2025ರ ಕೊನೆಯವರೆಗೆ ಐಪಿಎಲ್‌ನಲ್ಲಿ ಕೊಹ್ಲಿ ಸುಮಾರು 8,660 ರನ್ ಮಾಡಿದ್ದಾರೆ, ಸುಮಾರು 6,520 ಎಸೆತಗಳಲ್ಲಿ. ಎಲ್ಲವೂ ಆರ್‌ಸಿಬಿಗೇ. ಡಿವಿಲಿಯರ್ಸ್ ಈ ತಂಡಕ್ಕೆ 2011ರಿಂದ 2021ರವರೆಗೆ ಸುಮಾರು 2,840 ಎಸೆತಗಳಲ್ಲಿ ಸುಮಾರು 4,490 ರನ್ ಕೊಟ್ಟರು.

ಬದಲಿ ಆಟಗಾರ ನೂರು ಎಸೆತಕ್ಕೆ 130 ರನ್ ಹೊಡೆಯುತ್ತಾನೆ ಅಂದುಕೊಳ್ಳಿ. ಕೊಹ್ಲಿಯ ಹೆಚ್ಚುವರಿ ಬರೀ 180 ರನ್. ಡಿವಿಲಿಯರ್ಸ್ ಅವರದ್ದು 800. ಅಯ್ಯೋ ಅನ್ನಿಸುತ್ತೆ ಅಲ್ವಾ? ಗೆರೆಯನ್ನು 120ಕ್ಕೆ ಇಳಿಸಿ. ಕೊಹ್ಲಿ 840, ಡಿವಿಲಿಯರ್ಸ್ 1,080. ಇನ್ನೂ 110ಕ್ಕೆ ಇಳಿಸಿ. ಕೊಹ್ಲಿ 1,490, ಡಿವಿಲಿಯರ್ಸ್ 1,370. ತಟ್ಟೆ ಮಗುಚಿತು. ಯಾರ ಒಂದು ರನ್ನೂ ಬದಲಾಗಲಿಲ್ಲ. ಕಾಲ್ಪನಿಕ ಬದಲಿ ಆಟಗಾರ ಇನ್ನಷ್ಟು ಸಪ್ಪೆಯಾದ, ಅಷ್ಟೆ.

ಕಾರಣ ಸರಳ. ಬದಲಿ ಸಪ್ಪೆಯಾದಷ್ಟೂ ಕ್ರೀಸಿನಲ್ಲಿ ಹೆಚ್ಚು ಹೊತ್ತು ನಿಂತವನ ಬೆಲೆ ಏರುತ್ತದೆ. ಬದಲಿ ಚೆನ್ನಾಗಿದ್ದರೆ ಚುರುಕಾಗಿ ಹೊಡೆದವನ ಬೆಲೆ ಏರುತ್ತದೆ. ಹಾಗಾದರೆ ಸರಿಯಾದ ಗೆರೆ ಎಲ್ಲಿ? ಅದು ವರ್ಷಕ್ಕೊಂದು ಕಡೆ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನಡೆದ 2009ರ ಐಪಿಎಲ್‌ನಲ್ಲಿ ಎಲ್ಲ ತಂಡಗಳ ಒಟ್ಟು ರನ್ ಗತಿ ಓವರ್‌ಗೆ ಸುಮಾರು ಏಳೂವರೆ. ಪಂದ್ಯದ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಇಳಿಸಲು ಬಿಡುವ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ, 2024ರಲ್ಲಿ, ಅದು ಒಂಬತ್ತೂವರೆ. ಎರಡೂ ಕಾಲದಲ್ಲಿ ಆಡಿದ ಕೊಹ್ಲಿಯನ್ನು ಒಂದೇ ಗಜಕಡ್ಡಿಯಲ್ಲಿ ಅಳೆಯೋದು, 2009ರ ತೊಗರಿಬೇಳೆ ರೇಟನ್ನು ಇವತ್ತಿನ ರೇಟಿನ ಜೊತೆ ನೇರವಾಗಿ ಹೋಲಿಸಿದ ಹಾಗೆ.

ನನ್ನ ಲೆಕ್ಕ ಒರಟು ಅಂತ ನನಗೂ ಗೊತ್ತು. ಅದರಲ್ಲಿ ವಿಕೆಟ್ ಲೆಕ್ಕಕ್ಕೇ ಬಂದಿಲ್ಲ. ಟಿ20ಯಲ್ಲಿ 120 ಎಸೆತಕ್ಕೆ ಹತ್ತು ವಿಕೆಟ್ ಇರುತ್ತವೆ. ಹಾಗಾಗಿ ಇಲ್ಲಿ ವಿಕೆಟ್ ಟೆಸ್ಟ್‌ನಷ್ಟು ದುಬಾರಿ ಅಲ್ಲ, ಪುಕ್ಕಟೆಯೂ ಅಲ್ಲ. 2016ರಲ್ಲಿ ಕೊಹ್ಲಿ 973 ರನ್ ಮಾಡಿದಾಗ 16 ಇನ್ನಿಂಗ್ಸ್‌ನಲ್ಲಿ ಔಟಾಗಿದ್ದು 12 ಸಲ. ಸುಮಾರು 53 ಎಸೆತಕ್ಕೊಮ್ಮೆ ಔಟು, ಸ್ಟ್ರೈಕ್ ರೇಟ್ 152. ಈ ಎರಡೂ ಒಬ್ಬನ ಹತ್ತಿರವೇ ಇರೋದು ತುಂಬಾ ಅಪರೂಪ. ಇದೇ ಕೊಹ್ಲಿ 2008ರಲ್ಲಿ 13 ಪಂದ್ಯ ಆಡಿ ಮಾಡಿದ್ದು 165 ರನ್. ಆ ವರ್ಷ ಅವರೇ ಬದಲಿ ಮಟ್ಟದಲ್ಲಿದ್ದರು ಅಂದರೆ ತಪ್ಪಿಲ್ಲ.

ಇನ್ನು ಮೈದಾನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಚೆನ್ನೈ, ಮುಂಬೈಗಳ ಗಾಳಿಗಿಂತ ಹತ್ತಿರ ಹತ್ತಿರ ಶೇ. 10ರಷ್ಟು ತೆಳು. ತೆಳು ಗಾಳಿ ಚೆಂಡನ್ನು ಕಡಿಮೆ ತಡೆಯುತ್ತದೆ. ಕರಾವಳಿಯಲ್ಲಿ ಬೌಂಡರಿ ಗೆರೆಯ ಬಳಿ ಕ್ಯಾಚ್ ಆಗುವ ಹೊಡೆತ ಇಲ್ಲಿ ಕೆಲವು ಮೀಟರ್ ಜಾಸ್ತಿ ಹೋಗಿ ಸಿಕ್ಸರ್ ಆಗುತ್ತದೆ. ಮೇಲಾಗಿ ಮೈದಾನವೂ ಚಿಕ್ಕದು. 2024ರ ಏಪ್ರಿಲ್‌ನಲ್ಲಿ ಇಲ್ಲೇ ಹೈದರಾಬಾದ್ 287 ಹೊಡೆಯಿತು, ಆರ್‌ಸಿಬಿ ತಿರುಗಿಸಿ 262 ಹೊಡೆದು ಸೋತಿತು. ಒಂದೇ ರಾತ್ರಿ 549 ರನ್!

ಬೇಸ್‌ಬಾಲ್‌ನಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಡೆನ್ವರ್ ನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಡಕ್ಕೆ ಆಡಿದ ಲ್ಯಾರಿ ವಾಕರ್ ಅವರನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ದಿಗ್ಗಜರ ಗೌರವ ಪಟ್ಟಿಗೆ, ಸೇರಿಸಲು ವರ್ಷಗಟ್ಟಲೆ ಹಿಂದೆಮುಂದೆ ನೋಡಿದರು. ಅವರ ಅಂಕಿಗಳು ತೆಳು ಗಾಳಿಯ ಪ್ರಸಾದ ಅನ್ನೋ ಅನುಮಾನ ಅದಕ್ಕೊಂದು ಕಾರಣ. ಮೈದಾನದ ಲಾಭ ಕಳೆದು ನೋಡಿದರೂ ಅವರ ಲೆಕ್ಕ ಗಟ್ಟಿಯಾಗಿಯೇ ಉಳಿಯಿತು. ಹತ್ತನೆಯ ಮತ್ತು ಕೊನೆಯ ಅವಕಾಶದಲ್ಲಿ, 2020ರಲ್ಲಿ, ಆಯ್ಕೆಯಾದರು.

ನಮ್ಮಲ್ಲಿ ಈ ತಿದ್ದುಪಡಿ ಮಾಡಿದರೆ ಬ್ಯಾಟರ್‌ಗಳು ಒಂದೆರಡು ಮೆಟ್ಟಿಲು ಇಳಿಯುತ್ತಾರೆ, ಒಬ್ಬ ಬೌಲರ್ ಮೇಲೇರುತ್ತಾರೆ. ಅವರು ಯಜುವೇಂದ್ರ ಚಹಲ್. 2014ರಿಂದ 2021ರವರೆಗೆ 113 ಪಂದ್ಯ, 139 ವಿಕೆಟ್. ಹಲವು ಪಂದ್ಯ ಚಿನ್ನಸ್ವಾಮಿಯಂಥ ಜಾಗದಲ್ಲಿ ಆಡಬೇಕಾದ ಲೆಗ್ ಸ್ಪಿನ್ನರ್, ಚೆಂಡನ್ನು ಧೈರ್ಯವಾಗಿ ಗಾಳಿಗೆ ತೂರುತ್ತಿದ್ದವರು. ಅವರನ್ನು ಕೈಬಿಟ್ಟ ಮುಂದಿನ ವರ್ಷವೇ ರಾಜಸ್ಥಾನಕ್ಕೆ ಆಡಿ ಆ ಸಲದ ಐಪಿಎಲ್‌ನ ಅತಿ ಹೆಚ್ಚು ವಿಕೆಟ್ ಪಡೆದರು. ಬದಲಿ ಆಟಗಾರ ಅಂದರೆ ಏನು ಅನ್ನೋದು ಆ ವರ್ಷ ಆರ್‌ಸಿಬಿ ಅಭಿಮಾನಿಗಳಿಗೆ ಪುಸ್ತಕ ಓದದೆಯೇ ಅರ್ಥವಾಯಿತು.

ಕುಂಬ್ಳೆಯ ಕಥೆ ಬೇರೆ. 2009ರಲ್ಲಿ ರಾಜಸ್ಥಾನದ ವಿರುದ್ಧ 5 ರನ್‌ಗೆ 5 ವಿಕೆಟ್, ಫೈನಲ್‌ನಲ್ಲಿ 16 ರನ್‌ಗೆ 4. ಸೋತ ತಂಡದಲ್ಲಿದ್ದರೂ ಫೈನಲ್‌ನ ಪಂದ್ಯಶ್ರೇಷ್ಠ ಅವರೇ. ಆದರೆ ಈ ತಂಡಕ್ಕೆ ಆಡಿದ್ದು ಮೂರೇ ಸೀಸನ್, 42 ಪಂದ್ಯ.

ಕಡಿಮೆ ಪಂದ್ಯಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 2024ರಲ್ಲಿ ವಿಲ್ ಜ್ಯಾಕ್ಸ್ ಗುಜರಾತ್ ವಿರುದ್ಧ 41 ಎಸೆತಗಳಲ್ಲಿ ಅಜೇಯ 100 ಹೊಡೆದರು. ಆ ವರ್ಷ ಅವರ ಸ್ಟ್ರೈಕ್ ರೇಟ್ 175. ಡಿವಿಲಿಯರ್ಸ್ ಅವರದ್ದು ಆರ್‌ಸಿಬಿಯ ಎಲ್ಲ ವರ್ಷ ಸೇರಿ ಸುಮಾರು 158. ಹಾಗಂತ ಜ್ಯಾಕ್ಸ್ ಮೇಲು ಅಂದರೆ ಬೇಕರಿಯಲ್ಲಿ ಏಟು ಬೀಳುತ್ತದೆ. ಆಡಿದ್ದು ಎಂಟೇ ಪಂದ್ಯ. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಮದ್ದು ತೋರಿಸಿದ್ದರು. 1970ರ ಬೇಸ್‌ಬಾಲ್ ಸೀಸನ್‌ನ ಆರಂಭದಲ್ಲಿ ರಾಬರ್ಟೊ ಕ್ಲೆಮೆಂಟೆ 45 ಅವಕಾಶಗಳಲ್ಲಿ 18 ಸಲ ಸರಿಯಾಗಿ ಹೊಡೆದಿದ್ದರು, ಅಂದರೆ ಶೇ. 40. ಆ ಪ್ರಮಾಣವನ್ನು ಹಾಗೇ ನಂಬಬೇಡಿ, ಎಲ್ಲರ ಸರಾಸರಿಯ ಕಡೆಗೆ ಎಳೆದು ನೋಡಿ ಅನ್ನುತ್ತದೆ ಅವರ ವಿಧಾನ. ಉಳಿದ ಸೀಸನ್‌ನಲ್ಲಿ ಕ್ಲೆಮೆಂಟೆ ಹೊಡೆದಿದ್ದು ಶೇ. 34.6. ಮಾದರಿ ಚಿಕ್ಕದಿದ್ದಷ್ಟೂ ಜೋರಾಗಿ ಎಳೆಯಬೇಕು. ಜ್ಯಾಕ್ಸ್ ಅವರನ್ನು ತುಂಬಾ ಎಳೆಯಬೇಕು, ಕುಂಬ್ಳೆಯನ್ನು ಸ್ವಲ್ಪ, ಕೊಹ್ಲಿಯನ್ನು ಮುಟ್ಟೋದೇ ಬೇಡ.

ಕೊನೆಯ ಗಂಟು: ಒಟ್ಟು ಮೊತ್ತ ಮುಖ್ಯವೋ, ಶಿಖರ ಮುಖ್ಯವೋ? ಜೇ ಜಾಫಿ ಎಂಬ ಬೇಸ್‌ಬಾಲ್ ಬರಹಗಾರರು ಎರಡನ್ನೂ ಕೂಡಿಸುವ ಉಪಾಯ ಮಾಡಿದರು. ಇಡೀ ವೃತ್ತಿಜೀವನದ ವಾರ್ ಅಂಕ ಮತ್ತು ಅತ್ಯುತ್ತಮ ಏಳು ವರ್ಷಗಳ ವಾರ್ ಅಂಕ, ಎರಡರ ಸರಾಸರಿ. ಇದು ಗೇಲ್‌ಗೆ ಅನುಕೂಲ, ಡಿವಿಲಿಯರ್ಸ್‌ಗೂ. 2023ರಲ್ಲಿ ಆರ್‌ಸಿಬಿ ಇವರಿಬ್ಬರ 333 ಮತ್ತು 17ನೇ ನಂಬರಿನ ಜೆರ್ಸಿಗಳನ್ನು ಇನ್ಯಾರಿಗೂ ಕೊಡದಂತೆ ಎತ್ತಿಟ್ಟಿತು.

ನನ್ನ ಪಟ್ಟಿ ಹೀಗಿದೆ: ಕೊಹ್ಲಿ, ಡಿವಿಲಿಯರ್ಸ್, ಗೇಲ್, ಚಹಲ್, ಕುಂಬ್ಳೆ. ಮೊದಲ ಎರಡರ ನಡುವಿನ ಅಂತರ ಕೂದಲೆಳೆಯಷ್ಟು. ಗೆರೆ ಸ್ವಲ್ಪ ಅಲುಗಾಡಿದರೆ ಅದಲುಬದಲು. ಮಹಿಳಾ ತಂಡದ ಪಟ್ಟಿಯನ್ನು ಬೇರೆಯೇ ಮಾಡಬೇಕು, ಯಾಕಂದರೆ ಅಲ್ಲಿ ಹೋಲಿಕೆಯ ಬದಲಿಯೂ ಬೇರೆ. ಅದರಲ್ಲಿ ಮೊದಲ ಹೆಸರು ಎಲಿಸ್ ಪೆರಿ. ಗಂಡಸರಿಗಿಂತ ಒಂದು ವರ್ಷ ಮೊದಲೇ, 2024ರಲ್ಲಿ, ಆ ತಂಡ ಕಪ್ ತಂದಾಗ ಟೂರ್ನಿಯ ಅತಿ ಹೆಚ್ಚು ರನ್ ಅವರದ್ದೇ, 347.

ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಬೇಕರಿಯ ಮೂರನೆಯವನು ಕೇಳಿದ, "ಕೃಣಾಲ್ ಎಲ್ಲಿ ಗುರು?" 2025ರ ಜೂನ್ 3, ಅಹಮದಾಬಾದ್ ಫೈನಲ್. ಆರ್‌ಸಿಬಿ 190, ಪಂಜಾಬ್ 184. ಆ ರಾತ್ರಿ ಎರಡೂ ತಂಡಗಳ ಗತಿ ಓವರ್‌ಗೆ ಸುಮಾರು 9.35. ಅದರಂತೆ ನಾಲ್ಕು ಓವರ್‌ಗೆ 37 ರನ್ ಹೋಗಬೇಕು. ಕೃಣಾಲ್ ಪಾಂಡ್ಯ ಕೊಟ್ಟಿದ್ದು 17, ಜೊತೆಗೆ ಎರಡು ವಿಕೆಟ್. ಉಳಿಸಿದ್ದು 20 ರನ್. ತಂಡ ಗೆದ್ದಿದ್ದು 6 ರನ್‌ನಿಂದ. ಒಂದು ಪಂದ್ಯ, ಚಿಕ್ಕ ಮಾದರಿ, ಸರಾಸರಿ ಕಡೆಗೆ ಎಳೀಬೇಕು ಅಂತ ಶುರು ಮಾಡಿದೆ. ಅವನು ಟೀ ಲೋಟ ಕೆಳಗಿಟ್ಟು, "ಹದಿನೆಂಟು ವರ್ಷ ಈ ಸಲ ಕಪ್ ನಮ್ದೇ ಅಂದೋರು ನಾವು, ಆ ಇಪ್ಪತ್ತು ರನ್ನನ್ನ ಎಲ್ಲಿಗೆ ಎಳೀತೀಯ?" ಅಂದ. ಪಟ್ಟಿಯ ಐದನೆಯ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡೆ.